ಆಟದ ರೈಲಿಗೆ ಎಷ್ಟು ವ್ಯಾಟ್ ಬೇಕು?

ನ್ಯೂಜೆರ್ಸಿಯ ನಮ್ಮ ಕನ್ನಡದ ಗೆಳೆಯರ ಬಳಗದಲ್ಲಿ ಸೆಪ್ಟೆಂಬರ್ ಬಂತೆಂದರೆ ಒಂದು ಪ್ರಶ್ನೆ ಗ್ಯಾರಂಟಿ. ನವರಾತ್ರಿಗೆ ಗೊಂಬೆ ಕೂರಿಸುವ ಮನೆಗಳಲ್ಲಿ ಮೆಟ್ಟಿಲ ಮುಂದೆ ಪಾರ್ಕು ಮಾಡ್ತಾರಲ್ಲ, ಅದರ ಸುತ್ತ ರೈಲು ಓಡಿಸಬೇಕು ಅಂತ ಯಾರಿಗಾದರೂ ಆಸೆ ಹುಟ್ಟುತ್ತದೆ. ಗರಾಜ್ ಸೇಲ್‌ನಲ್ಲೋ, ಪಕ್ಕದ ಮನೆಯವರಿಂದಲೋ ಒಂದು ಹಳೇ ಲಯೊನೆಲ್ ಪೆಟ್ಟಿಗೆ ಸಿಕ್ಕಿರುತ್ತದೆ. ಒಳಗೆ ಇಂಜಿನ್ ಇದೆ, ಬೋಗಿಗಳಿವೆ, ಹಳಿ ಇದೆ. ಟ್ರಾನ್ಸ್‌ಫಾರ್ಮರ್ ಒಂದೋ ಇಲ್ಲ, ಇಲ್ಲವೇ ಇದ್ದದ್ದನ್ನು ನೋಡಿದರೆ ಪ್ಲಗ್ ಹಾಕೋಕೆ ಧೈರ್ಯ ಬರಲ್ಲ. ಆಗ ನನಗೆ ಫೋನ್: "ಎಷ್ಟು ವ್ಯಾಟಿಂದು ತಗೊಳ್ಳಲಿ ಗುರೂ?"

ನಾನು ಮರುಪ್ರಶ್ನೆ ಹಾಕುತ್ತೇನೆ: ಹಳಿಯಲ್ಲಿ ಎಷ್ಟು ಪಟ್ಟಿ ಇದೆ, ಎಣಿಸಿ ಹೇಳು.

ಇದು ತಮಾಷೆ ಅಲ್ಲ. ಎರಡು ಪಟ್ಟಿಯ, ಸಣ್ಣ ಅಳತೆಯ ಎಚ್‌ಓ ರೈಲುಗಳು ಸಾಮಾನ್ಯವಾಗಿ ಓಡುವುದು 12 ವೋಲ್ಟ್ ಡಿಸಿಯಲ್ಲಿ. ನಡುವೆ ಇನ್ನೊಂದು ಪಟ್ಟಿ ಇರುವ ಲಯೊನೆಲ್ ಥರದ ದೊಡ್ಡ ಓ ಗೇಜ್ ರೈಲುಗಳು ಓಡುವುದು ಎಸಿಯಲ್ಲಿ, ಸುಮಾರು 6ರಿಂದ 18 ವೋಲ್ಟ್ ನಡುವೆ. ಎಚ್‌ಓ ಇಂಜಿನ್‌ಗೆ ಲಯೊನೆಲ್ ಟ್ರಾನ್ಸ್‌ಫಾರ್ಮರ್ ಕೊಟ್ಟರೆ ಅದು ಓಡಲ್ಲ, ಗುಂಯ್ ಅಂತ ನಡುಗಿ ಮೋಟಾರು ಸುಟ್ಟುಕೊಳ್ಳುತ್ತದೆ. ಅಂಗಡಿಯ ಕಪಾಟಿನಲ್ಲಿ ಎರಡೂ ಡಬ್ಬಿಗಳು ಅಕ್ಕಪಕ್ಕ ಕೂತಿರುತ್ತವೆ, ಎರಡರ ಮೇಲೂ 'ಟ್ರೈನ್ ಪವರ್' ಅಂತಲೇ ಬರೆದಿರುತ್ತದೆ. ಆದ್ದರಿಂದ ವ್ಯಾಟಿಗಿಂತ ಮೊದಲು ಎಸಿಯೋ ಡಿಸಿಯೋ ನೋಡಿಕೊಳ್ಳಿ.

ಇಲ್ಲಿಂದ ಮುಂದೆ ನಾನು ಮಾತಾಡುವುದು ಮೂರು ಪಟ್ಟಿಯ ರೈಲಿನ ಬಗ್ಗೆ, ಅದರಲ್ಲೂ ಹಳೇ ಪದ್ಧತಿಯಲ್ಲಿ, ಅಂದರೆ ಟ್ರಾನ್ಸ್‌ಫಾರ್ಮರಿನ ಹಿಡಿಕೆ ತಿರುಗಿಸಿಯೇ ಓಡಿಸುವವರಿಗೆ. ಈ ಹವ್ಯಾಸದವರು ಇದನ್ನು 'ಕನ್ವೆನ್ಷನಲ್' ಅನ್ನುತ್ತಾರೆ. ಹೊಸ ಪದ್ಧತಿಯಲ್ಲಿ ಹಳಿಗೆ ಸದಾ 18 ವೋಲ್ಟ್ ಇರುತ್ತದೆ, ರಿಮೋಟಿನಿಂದ ಬರುವ ಆಜ್ಞೆಯನ್ನು ಇಂಜಿನ್ನಿನೊಳಗಿನ ಸರ್ಕ್ಯೂಟ್ ಕೇಳಿಸಿಕೊಂಡು ಓಡುತ್ತದೆ. ಹಳೇದರಲ್ಲಿ ಅಂಥ ಜಾಣತನ ಇಲ್ಲ. ವೋಲ್ಟ್ ಏರಿಸಿದರೆ ಜೋರು, ಇಳಿಸಿದರೆ ನಿಧಾನ, ಒಂದು ಕ್ಷಣ ಕತ್ತರಿಸಿ ಮತ್ತೆ ಕೊಟ್ಟರೆ ದಿಕ್ಕು ಬದಲು. ಮುಂದಕ್ಕೆ, ನ್ಯೂಟ್ರಲ್, ಹಿಂದಕ್ಕೆ, ಮತ್ತೆ ನ್ಯೂಟ್ರಲ್ ಎಂದು ಸರದಿಯಲ್ಲಿ ತಿರುಗುವ ಪುಟ್ಟ ಯಂತ್ರವೊಂದು ಇಂಜಿನ್ನಿನ ಹೊಟ್ಟೆಯಲ್ಲಿದೆ. ಅದಕ್ಕೆ ಇ-ಯೂನಿಟ್ ಎಂದು ಹೆಸರು. ಹೀಗಾಗಿ ಕನ್ವೆನ್ಷನಲ್ ರೈಲಿಗೆ ಟ್ರಾನ್ಸ್‌ಫಾರ್ಮರ್ ಬರೀ ಕರೆಂಟ್ ಕೊಡುವ ಡಬ್ಬಿ ಅಲ್ಲ. ಆಕ್ಸಿಲರೇಟರ್, ಗೇರು, ಹಾರ್ನು ಎಲ್ಲಾ ಅದೇ.

ಈಗ ಹೊಸದಾಗಿ ಸಿಗುವ ಲಯೊನೆಲ್ ಸೆಟ್‌ಗಳಲ್ಲಿ ಹೆಚ್ಚಿನವು ರಿಮೋಟಿನವು. ಅವುಗಳ ಜೊತೆ ಬರುವುದು ಲ್ಯಾಪ್‌ಟಾಪ್ ಚಾರ್ಜರ್ ಥರದ ಒಂದು ಡಿಸಿ ಅಡಾಪ್ಟರ್. ಅದರಲ್ಲಿ ಹಿಡಿಕೆಯೇ ಇಲ್ಲ. ಅದನ್ನೇ ಅಜ್ಜನ ಕಾಲದ ಇಂಜಿನ್‌ಗೆ ಜೋಡಿಸಿದರೆ ಆಗುವ ತಮಾಷೆ ಕೇಳಿ. ಆ ಕಾಲದ ಮೋಟಾರು ಡಿಸಿಯಲ್ಲೂ ಓಡುತ್ತದೆ, ಆದರೆ ಸೀಟಿ ನಿಲ್ಲುವುದೇ ಇಲ್ಲ. ಯಾಕೆಂದರೆ ಲಯೊನೆಲ್‌ನವರು ಸೀಟಿಗೆ ಬೇರೆ ತಂತಿ ಎಳೆಯಲಿಲ್ಲ. ಹಳಿಯಲ್ಲಿ ಹರಿಯುವ ಎಸಿಯ ಮೇಲೆ ಒಂದಿಷ್ಟು ಡಿಸಿ ಬೆರೆಸಿದರೆ, ಬೋಗಿಯೊಳಗಿನ ರಿಲೇ ಅದನ್ನು ಗುರುತಿಸಿ ಸೀಟಿಯ ಮೋಟಾರು ತಿರುಗಿಸುತ್ತದೆ. ಪೂರ್ತಿ ಡಿಸಿಯನ್ನೇ ಕೊಟ್ಟರೆ? ಕೂಗುತ್ತಲೇ ಇರುತ್ತದೆ, ಆರತಿ ಹೊತ್ತಿನಲ್ಲೂ.

ಸರಿ, ಲೆಕ್ಕಕ್ಕೆ ಬರೋಣ. ವ್ಯಾಟ್ ಅಂದರೆ ವೋಲ್ಟ್ ಗುಣಿಸು ಆಂಪಿಯರ್, ಹೈಸ್ಕೂಲ್ ಪಾಠ. ರೈಲಿಗೆ ಬೇಕಾದ ವೋಲ್ಟ್ ಹೆಚ್ಚುಕಡಿಮೆ ಗೊತ್ತೇ ಇದೆ, ಓಟದಲ್ಲಿ 12–14. ಹಾಗಾಗಿ ನಿಜವಾಗಿ ಲೆಕ್ಕ ಹಾಕಬೇಕಾದ್ದು ಆಂಪಿಯರ್. 1950ರ ದಶಕದ ಹಬೆ ಇಂಜಿನ್ ಒಂದು ಎರಡೂವರೆ ಆಂಪಿಯರ್ ಎಳೆಯುತ್ತದೆ ಅಂತಿಟ್ಟುಕೊಳ್ಳಿ. ಹೊಗೆ ಬಿಡುವ ಸಾಧನಕ್ಕೆ ಅರ್ಧ. ದೀಪ ಇರುವ ಪ್ಯಾಸೆಂಜರ್ ಬೋಗಿಗಳಲ್ಲಿ ತಲಾ ಎರಡು ಹಳೇ ಬಲ್ಬು, ಒಂದೊಂದಕ್ಕೆ 0.15 ಆಂಪಿಯರ್. ನಾಲ್ಕು ಬೋಗಿ ಅಂದರೆ ಎಂಟು ಬಲ್ಬು, 1.2 ಆಂಪಿಯರ್. ಒಟ್ಟು 4.2. ಸೀಟಿ ಒತ್ತಿದಾಗ ಅದರ ಮೋಟಾರಿಗೆ ಇನ್ನೊಂದು. ಅಲ್ಲಿಗೆ 5.2 ಆಂಪಿಯರ್, 14 ವೋಲ್ಟ್‌ನಲ್ಲಿ ಸುಮಾರು 73 ವ್ಯಾಟ್.

ಲಯೊನೆಲ್‌ನ ಸಿಡಬ್ಲ್ಯು-80 ಹೆಸರೇ ಹೇಳುವಂತೆ 80 ವ್ಯಾಟಿನದು, ಗರಿಷ್ಠ 5 ಆಂಪಿಯರ್. ನೋಡಿ, ವ್ಯಾಟ್ ಲೆಕ್ಕದಲ್ಲಿ ಪಾಸಾಯಿತು, ಆಂಪಿಯರ್ ಲೆಕ್ಕದಲ್ಲಿ ಫೇಲ್. ರೈಲು ಚೆನ್ನಾಗಿ ಓಡುತ್ತಾ ಇರುತ್ತದೆ, ಮಗು ಖುಷಿಯಿಂದ ಸೀಟಿ ಒತ್ತುತ್ತದೆ, ಟಪ್ ಅಂತ ಎಲ್ಲಾ ನಿಂತು ಟ್ರಾನ್ಸ್‌ಫಾರ್ಮರಿನ ದೀಪ ಮಿಣಮಿಣ ಅನ್ನುತ್ತದೆ. ಡಬ್ಬಿ ಕೆಟ್ಟಿದೆ ಅಂತ ವಾಪಸ್ ಕಳಿಸುವವರಿದ್ದಾರೆ. ಪಾಪ, ಅದು ತನ್ನ ಕೆಲಸ ಸರಿಯಾಗಿಯೇ ಮಾಡಿದೆ. ಬಲ್ಬುಗಳನ್ನು ತೆಗೆದು ಎಲ್‌ಇಡಿ ಹಾಕಿಬಿಟ್ಟರೆ ಒಂದು ಆಂಪಿಯರಿಗೂ ಹೆಚ್ಚು ಉಳಿಯುತ್ತದೆ, ಅದೇ ಡಬ್ಬಿ ಸಾಕಾಗುತ್ತದೆ. ಇಂಜಿನ್ ಹೊಸ ಕಾಲದ್ದಾದರೆ ಅದರ ಮೋಟಾರುಗಳಿಗೆ ಆಂಪಿಯರ್ ಕಡಿಮೆಯೇ ಸಾಕು. ನನ್ನ ಲೆಕ್ಕ ಇಷ್ಟೇ: ಕೂಡಿ ಬಂದ ಆಂಪಿಯರ್ ಮೇಲೆ ಕಾಲು ಭಾಗ ಸೇರಿಸಿ, ಅಷ್ಟು ತಾಳುವುದನ್ನು ಕೊಳ್ಳಿ. ಒಂದು ಸುತ್ತು, ಒಂದು ರೈಲು, ಗೊಂಬೆ ಮುಂದಿನ ಪಾರ್ಕು ಅಂದರೆ 80 ವ್ಯಾಟ್ ಧಾರಾಳ. ಬೇಸ್‌ಮೆಂಟಿನಲ್ಲಿ ದೊಡ್ಡ ಮೇಜು, ಎರಡು ರೈಲು, ಸಿಗ್ನಲ್ಲು, ಗೇಟು ಎಂದೆಲ್ಲ ಕನಸಿದ್ದರೆ ಒಂದೊಂದು ರೈಲಿಗೂ 10 ಆಂಪಿಯರ್ ಕೊಡುವ, 180 ವ್ಯಾಟಿನ ವರ್ಗಕ್ಕೆ ನೇರ ಹೋಗಿ. ನಡುವಿನದ್ದು ಕೊಂಡವರು ಎರಡು ಸಲ ಕೊಳ್ಳುತ್ತಾರೆ.

ಹಳೇ ಟ್ರಾನ್ಸ್‌ಫಾರ್ಮರಿನ ಮೇಲೆ ಬರೆದ ವ್ಯಾಟನ್ನು ಮಾತ್ರ ಹಾಗೇ ನಂಬಬೇಡಿ. ಆ ಕಾಲದಲ್ಲಿ ಬರೆಯುತ್ತಿದ್ದದ್ದು ಗೋಡೆಯಿಂದ ಎಳೆಯುವ ವ್ಯಾಟು, ಹಳಿಗೆ ಕೊಡುವ ವ್ಯಾಟಲ್ಲ. ಎರಡನೇ ಮಹಾಯುದ್ಧದ ನಂತರ, 1948ರಲ್ಲಿ ಬಂದ ಝಡ್‌ಡಬ್ಲ್ಯು ಅನ್ನುವುದು ಲಯೊನೆಲ್‌ನ ಪಟ್ಟದ ಆನೆ. ಅಕ್ಕಪಕ್ಕ ಎರಡು ದೊಡ್ಡ ಹಿಡಿಕೆ, ನಡುವೆ ಎರಡು ಸಣ್ಣ ಗುಂಡಿ. ನೋಡಿದರೆ ಹಡಗು ನಡೆಸುವ ಯಂತ್ರದಂತಿದೆ. ಅದರ ಮೇಲೆ ಮೊದಲು 250, ಆಮೇಲೆ 275 ವ್ಯಾಟ್ ಎಂದು ಬರೆದಿದ್ದರು. ಹಳಿಗೆ ಸಿಗುವುದು 180ರ ಆಸುಪಾಸು. ಅದರ ತಮ್ಮನಂತಿರುವ ಕೆಡಬ್ಲ್ಯು 190 ವ್ಯಾಟಿನದು, ಅದಕ್ಕೂ ಎರಡು ರೈಲಿನ ಹಿಡಿಕೆ ಇದೆ. 1033 ಅನ್ನುವ ಸಣ್ಣದು 90 ವ್ಯಾಟ್. ಈಗಿನ ಲಯೊನೆಲ್ ಝಡ್‌ಡಬ್ಲ್ಯು-ಎಲ್ 620 ವ್ಯಾಟಿನದು. ಮನೆಯೊಳಗೆ ಅಷ್ಟು ಬೇಕಾದವರು ಈ ಅಂಕಣ ಓದುವ ಅಗತ್ಯ ಇಲ್ಲ, ಅವರು ನನಗೇ ಪಾಠ ಹೇಳುತ್ತಾರೆ.

ಅಂದಹಾಗೆ, ಇವೆಲ್ಲ ನಮಗೆ ದೂರದ ವಸ್ತುಗಳಲ್ಲ. ಜೋಶುವಾ ಲಯೊನೆಲ್ ಕೋವನ್ 1900ರಲ್ಲಿ ನ್ಯೂಯಾರ್ಕಿನಲ್ಲಿ ಶುರು ಮಾಡಿದ ಕಂಪನಿಯ ದೊಡ್ಡ ಕಾರ್ಖಾನೆ ಇದ್ದದ್ದು ಇದೇ ನ್ಯೂಜೆರ್ಸಿಯ ಇರ್ವಿಂಗ್ಟನ್–ಹಿಲ್‌ಸೈಡ್ ಗಡಿಯಲ್ಲಿ. ಎಡಿಸನ್ ಕಡೆಯಿಂದ ನ್ಯೂವರ್ಕ್ ಏರ್‌ಪೋರ್ಟಿಗೆ ಊರಿನವರನ್ನು ಕರೆತರಲು ಹೋಗುತ್ತೀರಲ್ಲ, ಅಲ್ಲೇ ಪಕ್ಕ. ಈ ಸುತ್ತಿನ ಹಳೇ ಮನೆಗಳ ಅಟ್ಟ, ಬೇಸ್‌ಮೆಂಟುಗಳಲ್ಲಿ ಇಷ್ಟೊಂದು ಲಯೊನೆಲ್ ಪೆಟ್ಟಿಗೆ ಸಿಗುವುದರಲ್ಲಿ ಆಶ್ಚರ್ಯವೇನಿಲ್ಲ.

ನನ್ನ ಸಹೋದ್ಯೋಗಿಯೊಬ್ಬರಿಗೆ ಹೋದ ವರ್ಷ ಸಿಕ್ಕಿದ್ದೂ ಹಾಗೇ. ದಾವಣಗೆರೆಯವರು, ನಾಲ್ಕು ವರ್ಷದ ಮಗಳಿದ್ದಾಳೆ. ಪಕ್ಕದ ಮನೆಯ ಅಮೆರಿಕನ್ ಅಜ್ಜಿ ಮನೆ ಮಾರಿ ಫ್ಲಾರಿಡಾಕ್ಕೆ ಮಗಳ ಹತ್ತಿರ ಹೊರಟಿದ್ದರು. ತೀರಿಹೋದ ಗಂಡನ ರೈಲಿನ ಎರಡು ಪೆಟ್ಟಿಗೆಗಳನ್ನು ಇವರ ಕೈಗೆ ಕೊಟ್ಟು, "ದುಡ್ಡು ಬೇಡ. ಹೋಗುವ ಮೊದಲು ಒಂದು ಸಲ ಆ ಸೀಟಿ ಕೇಳಬೇಕು" ಅಂದರಂತೆ. ಪೆಟ್ಟಿಗೆಯಲ್ಲಿದ್ದದ್ದು ಒಂದು ಹಬೆ ಇಂಜಿನ್, ದೀಪದ ಬೋಗಿಗಳು, ಮತ್ತು ಒಂದು ಕೆಡಬ್ಲ್ಯು.

"ಪ್ಲಗ್ ಹಾಕಿ ನೋಡಲಾ ಸರ್?" ಅಂತ ಫೋಟೋ ಕಳಿಸಿದರು. ಫೋಟೋ ದೊಡ್ಡದು ಮಾಡಿ ನೋಡಿದೆ. ವೈರು ಡಬ್ಬಿಯೊಳಗೆ ಹೋಗುವ ಜಾಗದಲ್ಲಿ ರಬ್ಬರ್ ಒಣ ಕೆಸರಿನಂತೆ ಬಿರುಕು ಬಿಟ್ಟಿತ್ತು, ಒಂದು ಕಡೆ ತಾಮ್ರ ಇಣುಕುತ್ತಿತ್ತು. "ಮುಟ್ಟಬೇಡಿ. ಮಗಳ ಕೈಗೆ ಸಿಗದ ಕಡೆ ಎತ್ತಿಡಿ" ಅಂದೆ.

ಹಳೇ ಟ್ರಾನ್ಸ್‌ಫಾರ್ಮರ್ ಕೊಳ್ಳುವವರು ನೋಡಬೇಕಾದ ಮೊದಲ ಜಾಗ ಅದೇ. ತಂತಿಯ ಸುರುಳಿ ಎಪ್ಪತ್ತು ವರ್ಷ ಆದರೂ ಗಟ್ಟಿಯಾಗಿರುತ್ತದೆ, ವೈರಿನ ರಬ್ಬರ್ ಇರಲ್ಲ. ಪ್ಲಗ್ಗಿನ ಹತ್ತಿರ, ಡಬ್ಬಿಯ ಬಾಯಿಯ ಹತ್ತಿರ ಮೆಲ್ಲಗೆ ಬಗ್ಗಿಸಿ ನೋಡಿ (ಗೋಡೆಗೆ ಹಾಕದೆ, ದಯವಿಟ್ಟು). ಬಿರುಕು ಕಂಡರೆ ಹೊಸ ವೈರು ಹಾಕಿಸುವವರೆಗೂ ಕರೆಂಟ್ ಬೇಡ. ಟೇಪ್ ಸುತ್ತಿ ಓಡಿಸ್ತೀನಿ ಅನ್ನುವ ಮಾತೇ ಬೇಡ. ಎರಡನೆಯದು, ಒಳಗೆ ಸುರುಳಿಯ ಮೇಲೆ ಉರುಳುವ ಕಾರ್ಬನ್ ರೋಲರ್‌ಗಳು. ಸವೆದಿದ್ದರೆ ಕಿಡಿ ಹಾರಿ ಸುರುಳಿಯೇ ಸುಡುತ್ತದೆ. ಮೂರನೆಯದು ಸೀಟಿಗೆ ಡಿಸಿ ಮಾಡಿಕೊಡುವ ರೆಕ್ಟಿಫೈಯರ್ ಬಿಲ್ಲೆ. ಆ ಕಾಲದ ತಾಮ್ರದ ಆಕ್ಸೈಡ್ ಬಿಲ್ಲೆ ಸೋತಿದ್ದರೆ ರೈಲು ಓಡುತ್ತದೆ, ಸೀಟಿ ಮೂಗನಾಗಿರುತ್ತದೆ. ಅದರ ಜಾಗಕ್ಕೆ ಈಗ ಸಿಲಿಕಾನ್ ಡಯೋಡ್ ಹಾಕುತ್ತಾರೆ, ಚಿಕ್ಕ ಕೆಲಸ. ಆದರೆ 120 ವೋಲ್ಟಿನ ಡಬ್ಬಿ ಬಿಚ್ಚುವ ಕೆಲಸವನ್ನು ವಿಡಿಯೋ ನೋಡಿಕೊಂಡು ಮಾಡಬೇಡಿ. ಹಳೇ ರೈಲು ರಿಪೇರಿ ಮಾಡುವ ಅಂಗಡಿಗಳು ಈ ಕಡೆ ಇನ್ನೂ ಇವೆ. ಏಪ್ರಿಲ್, ಅಕ್ಟೋಬರ್‌ಗಳಲ್ಲಿ ಪೆನ್ಸಿಲ್ವೇನಿಯಾದ ಯಾರ್ಕ್‌ನಲ್ಲಿ ನಡೆಯುವ ದೊಡ್ಡ ಟ್ರೈನ್ ಮೇಳಕ್ಕೆ ಹೋದರೆ ಬಿಡಿ ಭಾಗಗಳಷ್ಟೇ ಅಲ್ಲ, ಇದರಲ್ಲೇ ಕೂದಲು ಬೆಳ್ಳಗಾದ ಜನರೂ ಸಿಗುತ್ತಾರೆ.

ಈಗ ಮುಖ್ಯ ವಿಷಯ, ಇದನ್ನು ಸ್ಕಿಪ್ ಮಾಡಬೇಡಿ.

"ಹಳಿಯಲ್ಲಿ ಬರೀ 18 ವೋಲ್ಟ್ ತಾನೆ, ಏನಾಗುತ್ತೆ?" ಎಂದು ಕೇಳುತ್ತಾರೆ. ಶಾಕ್ ಹೊಡೆಯಲ್ಲ, ನಿಜ. ಆದರೆ ಬೆಂಕಿಗೆ ಬೇಕಾದ್ದು ವೋಲ್ಟ್ ಒಂದೇ ಅಲ್ಲ, ಆಂಪಿಯರ್ ಕೂಡ. ನಡುವಿನ ಪಟ್ಟಿಗೂ ಹೊರಗಿನ ಪಟ್ಟಿಗೂ ಅಡ್ಡ ಒಂದು ಲೋಹದ ವಸ್ತು ಬಿದ್ದರೆ ಶಾರ್ಟ್. ಗೊಂಬೆ ಮನೆಯಲ್ಲಿ ಅಂಥ ವಸ್ತುಗಳಿಗೆ ಬರವೇ? ಬೆಳ್ಳಿ ಬಟ್ಟಲು, ಹಿತ್ತಾಳೆಯ ಪುಟ್ಟ ಪಾತ್ರೆ, ಬಗ್ಗಿ ಆರತಿ ಎತ್ತುವವರ ಬಳೆ, ಮಗುವಿನ ಬೆರಳಿನ ಉಂಗುರ. ಹತ್ತು ಆಂಪಿಯರ್ ಹರಿದ ಉಂಗುರ ಎಷ್ಟು ಬಿಸಿಯಾಗುತ್ತದೆ ಅಂತ ಪ್ರಯೋಗ ಮಾಡಿ ನೋಡುವುದು ಬೇಡ.

ಹಳೇ ಟ್ರಾನ್ಸ್‌ಫಾರ್ಮರಿನಲ್ಲಿ ಇದಕ್ಕೆ ಬ್ರೇಕರ್ ಇದೆ. ಆದರೆ ಅದು ಬಿಸಿಯಾಗಿ ಬಾಗುವ ಲೋಹದ ಪಟ್ಟಿ. ಬಾಗಲು ಹೊತ್ತು ಬೇಕು. ಅದನ್ನು ಇಟ್ಟಿರುವುದು ಟ್ರಾನ್ಸ್‌ಫಾರ್ಮರ್ ಉಳಿಸಲು, ನಿಮ್ಮ ಇಂಜಿನ್ ಉಳಿಸಲು ಅಲ್ಲ. ಝಡ್‌ಡಬ್ಲ್ಯುನಲ್ಲಂತೂ ನಾಲ್ಕೂ ಹಿಡಿಕೆಗೆ ಸೇರಿ ಒಂದೇ ಬ್ರೇಕರ್. ಹತ್ತು ಆಂಪಿಯರ್ ದಾಟಿದರೂ ಅದು ಸಮಾಧಾನವಾಗಿ ಕೂತಿರಬಹುದು. ಅಷ್ಟರಲ್ಲಿ ತೆಳು ವೈರು ಬಿಸಿಯಾಗಿ ಮೇಲಿನ ಪ್ಲಾಸ್ಟಿಕ್ ಕರಗಿರುತ್ತದೆ. ಹೊಸ ಎಲೆಕ್ಟ್ರಾನಿಕ್ ಡಬ್ಬಿಗಳು ಈ ವಿಷಯದಲ್ಲಿ ಎಷ್ಟೋ ಮೇಲು, ಶಾರ್ಟ್ ಆದ ತಕ್ಷಣ ಬಾಯಿ ಮುಚ್ಚುತ್ತವೆ. ಹಳೇದೇ ಬೇಕು ಅನ್ನುವವರು ಟ್ರಾನ್ಸ್‌ಫಾರ್ಮರ್ ಮತ್ತು ಹಳಿಯ ನಡುವೆ, ಒಂದೊಂದು ಹಿಡಿಕೆಗೂ ಬೇರೆಯಾಗಿ, ಬೇಗ ಕಡಿಯುವ ಬ್ರೇಕರ್ ಹಾಕಿಕೊಳ್ಳಿ. ಒಂದು ರೈಲಿಗೆ 5 ಅಥವಾ 7 ಆಂಪಿಯರಿನದು ಸಾಕು. ಇಂಜಿನ್ನಿನೊಳಗೆ ಸರ್ಕ್ಯೂಟ್ ಬೋರ್ಡ್ ಇದ್ದರೆ ಹಳಿಗೆ ಅಡ್ಡಲಾಗಿ ಒಂದು ಟಿವಿಎಸ್ ಡಯೋಡ್ ಕೂಡ ಹಾಕಿ. ರೈಲು ಹಳಿ ತಪ್ಪಿದಾಗ ಕಿಡಿಯ ಜೊತೆ ಕ್ಷಣಮಾತ್ರ ಏಳುವ ಹೆಚ್ಚಿನ ವೋಲ್ಟನ್ನು ಅದು ನುಂಗಿಕೊಳ್ಳುತ್ತದೆ.

ವೈರಿನ ದಪ್ಪದ ಬಗ್ಗೆ ಒಂದೇ ಮಾತು. ಟ್ರಾನ್ಸ್‌ಫಾರ್ಮರಿನಿಂದ 20 ಅಡಿ ದೂರದ ಹಳಿಗೆ 18 ಗೇಜಿನ ತೆಳು ವೈರು ಎಳೆದು 5 ಆಂಪಿಯರ್ ಹರಿಸಿದರೆ ಹೋಗಿಬರುವ ದಾರಿಯಲ್ಲೇ ಸುಮಾರು 1.3 ವೋಲ್ಟ್ ಕಳೆದುಹೋಗುತ್ತದೆ. 14 ಗೇಜ್ ಎಳೆದರೆ ಅರ್ಧ ವೋಲ್ಟು. ರೈಲು ಮೇಜಿನ ಆ ತುದಿಯಲ್ಲಿ ಏದುಸಿರು ಬಿಟ್ಟು ಈ ತುದಿಯಲ್ಲಿ ನೆಗೆದು ಓಡಿದರೆ ಎಲ್ಲರೂ ದೊಡ್ಡ ಟ್ರಾನ್ಸ್‌ಫಾರ್ಮರ್ ಹುಡುಕುತ್ತಾರೆ. ಬೇಕಾದ್ದು ದಪ್ಪ ವೈರು, ಹಳಿಯ ಕೀಲುಗಳ ತುಕ್ಕು ಉಜ್ಜುವ ಕೈ, ಮತ್ತು ಸುತ್ತಿನಲ್ಲಿ ಇನ್ನೆರಡು ಕಡೆ ಸಂಪರ್ಕ.

"ಒಂದು ದೊಡ್ಡದಕ್ಕಿಂತ ಎರಡು ಚಿಕ್ಕ ಟ್ರಾನ್ಸ್‌ಫಾರ್ಮರ್ ಅಗ್ಗ ಅಲ್ವಾ?" ಅನ್ನುವ ಪ್ರಶ್ನೆಯೂ ಬರುತ್ತದೆ. ಅಗ್ಗ ಹೌದು. ಎರಡು ಸುತ್ತುಗಳು ಒಂದಕ್ಕೊಂದು ಸೇರದೆ ಪೂರ್ತಿ ಬೇರೆ ಬೇರೆ ಇದ್ದರೆ ಧಾರಾಳವಾಗಿ ಮಾಡಿ. ಆದರೆ ಒಂದು ಸುತ್ತಿನಿಂದ ಇನ್ನೊಂದಕ್ಕೆ ರೈಲು ದಾಟುವ ಹಾಗಿದ್ದರೆ ಎರಡು ತೊಡಕು.

ಒಂದು, ಫೇಸ್. ಎಸಿ ಸೆಕೆಂಡಿಗೆ 60 ಸಲ ಏರಿಳಿಯುತ್ತದೆ. ಎರಡೂ ಟ್ರಾನ್ಸ್‌ಫಾರ್ಮರುಗಳು ಒಟ್ಟಿಗೇ ಏರಿ ಒಟ್ಟಿಗೇ ಇಳಿಯಬೇಕು. ಒಂದು ಏರುವಾಗ ಇನ್ನೊಂದು ಇಳಿದರೆ, ರೈಲು ಗಡಿ ದಾಟುವ ಕ್ಷಣದಲ್ಲಿ ಇಂಜಿನ್ನಿನ ರೋಲರುಗಳು ಎರಡೂ ಕಡೆ ಮುಟ್ಟಿ ನೇರ ಶಾರ್ಟ್. ಪರೀಕ್ಷೆ ಸುಲಭ. ಹಳಿಯಿಂದ ಎರಡನ್ನೂ ಬಿಡಿಸಿ, ಹೊರಪಟ್ಟಿಗೆ ಹೋಗುವ ಎರಡು ಕೊನೆಗಳನ್ನು ಸೇರಿಸಿ, ಎರಡೂ ಹಿಡಿಕೆಗಳನ್ನು ಒಂದೇ ಮಟ್ಟಕ್ಕಿಟ್ಟು, ನಡುಪಟ್ಟಿಗೆ ಹೋಗುವ ಎರಡು ಕೊನೆಗಳ ನಡುವೆ ಮೀಟರ್ ಹಿಡಿಯಿರಿ. ಸೊನ್ನೆಯ ಹತ್ತಿರ ಬಂದರೆ ಸರಿ. ಒಂದರ ಎರಡರಷ್ಟು ತೋರಿಸಿದರೆ ಒಂದು ಟ್ರಾನ್ಸ್‌ಫಾರ್ಮರಿನ ಪ್ಲಗ್ಗನ್ನು ತಿರುಗಿಸಿ ಹಾಕಿ. ಹಳೇ ಎರಡು ಕಡ್ಡಿಯ ಪ್ಲಗ್ಗುಗಳು ಹೇಗೆ ಬೇಕಾದರೂ ಹೋಗುತ್ತವೆ. ಸರಿಯಾದ ಬದಿಗೆ ಬಣ್ಣದ ಗುರುತು ಹಾಕಿಬಿಡಿ.

ಎರಡನೆಯದು ಇದಕ್ಕಿಂತ ಕೆಟ್ಟದ್ದು, ಮತ್ತು ಇಂಜಿನಿಯರಿಂಗ್ ಓದಿದವರಿಗೂ ತಕ್ಷಣ ಹೊಳೆಯುವುದಿಲ್ಲ. ಟ್ರಾನ್ಸ್‌ಫಾರ್ಮರಿಗೆ ಹಿಂದು ಮುಂದು ಎಂಬ ಭೇದ ಇಲ್ಲ. 120 ಕೊಟ್ಟರೆ 20 ಮಾಡುತ್ತದೆ, 20 ಕೊಟ್ಟರೆ 120 ಮಾಡುತ್ತದೆ. ಈಗ ಎರಡು ಟ್ರಾನ್ಸ್‌ಫಾರ್ಮರುಗಳು ಹಳಿಯ ಮೂಲಕ ಸೇರಿವೆ, ರೈಲು ಸರಿಯಾಗಿ ಗಡಿಯ ಮೇಲೆ ನಿಂತಿದೆ ಅಂದುಕೊಳ್ಳಿ. ನೀವು ಒಂದರ ಪ್ಲಗ್ ಗೋಡೆಯಿಂದ ಕಿತ್ತಿರಿ. ಇನ್ನೊಂದು ಇನ್ನೂ ಓಡುತ್ತಿದೆ. ಅದರ 18 ವೋಲ್ಟು ಹಳಿಯ ಮೂಲಕ ಕಿತ್ತಿಟ್ಟ ಟ್ರಾನ್ಸ್‌ಫಾರ್ಮರಿನ ಹಿಂಬಾಗಿಲಿಂದ ಒಳಗೆ ಹೋಗುತ್ತದೆ. ಆರು ಪಟ್ಟಾಗಿ, ಸುಮಾರು 108 ವೋಲ್ಟು, ನಿಮ್ಮ ಕೈಯಲ್ಲಿರುವ ಪ್ಲಗ್ಗಿನ ಬರಿಯ ಕಡ್ಡಿಗಳಲ್ಲಿ ಬಂದು ನಿಂತಿರುತ್ತದೆ. ನೆಲದ ಮೇಲೆ ಬಿದ್ದ ಪ್ಲಗ್ಗನ್ನು ಅಂಬೆಗಾಲಿಡುವ ಮಗು ಹಿಡಿದರೆ? 'ಪ್ಲಗ್ ಕಿತ್ತಿದ್ದೀನಿ, ಇನ್ನೇನೂ ಭಯ ಇಲ್ಲ' ಅನ್ನುವ ನಮ್ಮ ನಂಬಿಕೆ ಇಲ್ಲಿ ನಡೆಯುವುದಿಲ್ಲ.

ಪರಿಹಾರ ತೀರ ಸುಲಭ. ಎರಡೂ ಟ್ರಾನ್ಸ್‌ಫಾರ್ಮರುಗಳನ್ನು ಒಂದೇ ಪವರ್ ಸ್ಟ್ರಿಪ್‌ಗೆ ಹಾಕಿ, ಅದರ ಒಂದೇ ಸ್ವಿಚ್ಚಿನಿಂದ ಎರಡನ್ನೂ ಒಟ್ಟಿಗೆ ಆರಿಸಿ. ಒಂದರ ಪ್ಲಗ್ಗನ್ನು ಮಾತ್ರ ಕೀಳುವ ಅಭ್ಯಾಸವೇ ಇರಬಾರದು. ಚಿಕ್ಕ ಮಕ್ಕಳಿರುವ ಮನೆಯಾದರೆ ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಎರಡು ಚಿಕ್ಕದರ ಬದಲು ಎರಡು ಹಿಡಿಕೆಯ ಒಂದೇ ಟ್ರಾನ್ಸ್‌ಫಾರ್ಮರ್ ಕೊಳ್ಳಿ ಅನ್ನುತ್ತೇನೆ. ಒಂದೇ ಡಬ್ಬಿ, ಒಂದೇ ಪ್ಲಗ್ಗು. ಅದರಲ್ಲೂ ರೈಲು ಗಡಿ ದಾಟುವಾಗ ಎರಡು ಹಿಡಿಕೆಗಳು ಒಂದೇ ಮಟ್ಟದಲ್ಲಿರಲಿ, ಇಲ್ಲದಿದ್ದರೆ ಎರಡರ ನಡುವಿನ ವೋಲ್ಟಿನ ವ್ಯತ್ಯಾಸ ಇಂಜಿನ್ನಿನ ರೋಲರ್ ಮೂಲಕವೇ ಹರಿಯುತ್ತದೆ. ಆದರೆ ಕಿತ್ತ ಪ್ಲಗ್ಗಿನ ಭೂತದ ಕಾಟವಂತೂ ತಪ್ಪಿತು.

ಹೊಸ ಎಲೆಕ್ಟ್ರಾನಿಕ್ ಡಬ್ಬಿಗಳ ಗುಣಾವಗುಣ ಎರಡು ಮಾತಿನಲ್ಲಿ ಮುಗಿಸುತ್ತೇನೆ. ಸಿಡಬ್ಲ್ಯು-80 ಥರದವು ನಮ್ಮ ಮನೆಗಳ ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರಿನ ಹಾಗೆ ಕೆಲಸ ಮಾಡುತ್ತವೆ. ಎಸಿಯ ಅಲೆಯನ್ನು ತಗ್ಗಿಸುವುದಿಲ್ಲ, ಕತ್ತರಿಸಿ ತುಂಡು ತುಂಡಾಗಿ ಕೊಡುತ್ತವೆ. ಅಗ್ಗದ ಮೀಟರಿನಲ್ಲಿ ಅಳೆದರೆ ತಪ್ಪು ವೋಲ್ಟ್ ತೋರಿಸುವುದು ಇದಕ್ಕೇ. ಟ್ರೂ ಆರ್‌ಎಂಎಸ್ ಎಂದು ಬರೆದ ಮೀಟರ್ ಬೇಕು. ಕೆಲವು ಇಂಜಿನ್‌ಗಳು ಇವುಗಳಲ್ಲಿ ಸ್ವಲ್ಪ ಗೊಣಗುತ್ತವೆ. ಎಂಟಿಎಚ್‌ನ ಝಡ್-4000 ಥರದ ದೊಡ್ಡವು ಪೂರ್ತಿ ಅಲೆಯನ್ನೇ ಕೊಡುತ್ತವೆ, ಬೆಲೆಯೂ ಹಾಗೇ ಇರುತ್ತದೆ. ಎಲೆಕ್ಟ್ರಾನಿಕ್ ಡಬ್ಬಿಯ ದೊಡ್ಡ ಲಾಭ, ಸೊನ್ನೆಯಿಂದ ಮೆಲ್ಲಗೆ ಏರಿಸಬಹುದು. ಹಳೇವು ಹಿಡಿಕೆ ಎತ್ತಿದ ಕೂಡಲೇ 6 ವೋಲ್ಟ್‌ಗೆ ನೆಗೆಯುತ್ತವೆ. ಹಳೇ ಭಾರದ ಮೋಟಾರಿಗೆ ಅದು ಏನೂ ಅಲ್ಲ, ಹೊಸ ಹಗುರ ಮೋಟಾರಿನ ಇಂಜಿನ್ ಮಾತ್ರ ಮೊಲದ ಹಾಗೆ ಜಿಗಿಯುತ್ತದೆ. ಹಾಗಾಗಿ ಹಳೇ ಇಂಜಿನ್‌ಗೆ ಹಳೇದು, ಹೊಸ ಇಂಜಿನ್‌ಗೆ ಹೊಸದು ಅನ್ನುವುದು ಕೆಟ್ಟ ಸೂತ್ರವೇನಲ್ಲ.

ಊರಿಗೆ ವಾಪಸ್ ಹೋಗುವವರು ಕೇಳುವುದು: "ಬೆಂಗಳೂರಲ್ಲಿ ಓಡುತ್ತಾ?" ಅಮೆರಿಕದ ಟ್ರಾನ್ಸ್‌ಫಾರ್ಮರನ್ನು ನಮ್ಮ 230 ವೋಲ್ಟಿಗೆ ನೇರ ಹಾಕಿದರೆ ಕೆಲವೇ ಕ್ಷಣದಲ್ಲಿ ಹೊಗೆ ಬರುತ್ತದೆ, ಇಂಜಿನ್ನಿನಿಂದಲ್ಲ. ಸ್ಟೆಪ್‌ಡೌನ್ ಬೇಕು. ಅದು ನಿಜವಾದ ಸುರುಳಿಯ ಟ್ರಾನ್ಸ್‌ಫಾರ್ಮರ್ ಆಗಿರಬೇಕು, ಹೇರ್ ಡ್ರೈಯರಿಗೆ ಮಾರುವ ಹಗುರದ ಕನ್ವರ್ಟರ್ ಅಲ್ಲ. ಅಷ್ಟಕ್ಕೇ ಮುಗಿಯಲಿಲ್ಲ. ಅಲ್ಲಿ 60 ಹರ್ಟ್ಸ್, ನಮ್ಮಲ್ಲಿ 50. 60 ಹರ್ಟ್ಸ್‌ಗೆಂದೇ ಮಾಡಿದ ಕಬ್ಬಿಣದ ತಿರುಳಿಗೆ 50ರಲ್ಲಿ ಅದೇ 120 ವೋಲ್ಟ್ ಕೊಟ್ಟರೆ ಅದರ ಮೇಲೆ ಶೇಕಡಾ 20ರಷ್ಟು ಹೆಚ್ಚು ಕಾಂತೀಯ ಭಾರ ಬೀಳುತ್ತದೆ, ಬಿಸಿಯಾಗುತ್ತದೆ. 100 ವೋಲ್ಟ್ ಕೊಟ್ಟರೆ ಲೆಕ್ಕ ಸರಿಹೋಗುತ್ತದೆ. ಆದ್ದರಿಂದ 120 ಕೊಡುವ ಸ್ಟೆಪ್‌ಡೌನಿಗಿಂತ 100 ಅಥವಾ 110 ಕೊಡುವುದು ವಾಸಿ, ಮತ್ತು ರೈಲಿನ ಟ್ರಾನ್ಸ್‌ಫಾರ್ಮರ್ ಎಳೆಯುವುದರ ಎರಡರಷ್ಟಾದರೂ ವ್ಯಾಟಿನದು ಇರಲಿ. ಅರ್ಧ ಗಂಟೆ ಓಡಿಸಿ ಡಬ್ಬಿಯ ಮೇಲೆ ಕೈ ಇಟ್ಟು ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ, ಕೈ ಎಳೆದುಕೊಳ್ಳುವಷ್ಟಾದರೆ ನಿಲ್ಲಿಸಿ.

ದಾವಣಗೆರೆಯ ಸ್ನೇಹಿತರು ಕೊನೆಗೆ ಏನು ಮಾಡಿದರು? "ಹೊಸದೊಂದು ತಗೊಂಡ್ರೆ ತಲೆನೋವೇ ಇರಲ್ಲ ಅಲ್ವಾ ಸರ್?" ಅಂತ ಕೇಳಿದರು. ಅವರ ಅಗತ್ಯ ಎರಡಿತ್ತು, ಉತ್ತರವೂ ಎರಡೇ. ನಾಲ್ಕು ವರ್ಷದ ಮಗಳು ದಿನಾ ಮುಟ್ಟುವ ಗೊಂಬೆ ಪಾರ್ಕಿನ ಸುತ್ತಿಗೆ 80 ವ್ಯಾಟಿನ ಹೊಸ ಡಬ್ಬಿ ಸಾಕು. ಅದು ಶಾರ್ಟ್ ಆದ ಕೂಡಲೇ ಕಡಿಯುತ್ತದೆ, ಮಗುವಿನ ಕೈಗೆ ಅದೇ ಸರಿ. ಬೋಗಿಗಳ ಬಲ್ಬು ತೆಗೆದು ಎಲ್‌ಇಡಿ ಹಾಕಿಕೊಂಡರು. ಆದರೆ ಕೆಡಬ್ಲ್ಯುವನ್ನು ಬಿಸಾಡಬೇಡಿ ಅಂದೆ. ರಿಪೇರಿ ಅಂಗಡಿಯಲ್ಲಿ ಹೊಸ ವೈರು, ಹೊಸ ರೋಲರ್, ಸೀಟಿಗೆ ಡಯೋಡ್ ಹಾಕಿಸಿಕೊಂಡು ಬಂದರು.

ನವೆಂಬರ್ ಕೊನೆಯಲ್ಲಿ, ಅಜ್ಜಿ ಹೊರಡುವ ಮೂರು ದಿನ ಮುಂಚೆ, ಅವರ ಊಟದ ಕೋಣೆಯ ನೆಲದ ಮೇಲೆ ಹಳಿ ಹಾಸಿದೆವು. ಮೇಜು, ಕುರ್ಚಿ ಆಗಲೇ ಮಾರಾಟವಾಗಿದ್ದವು. ಬ್ರೇಕರ್ ಸೇರಿಸಿ, ಎಡ ಹಿಡಿಕೆ ಮೆಲ್ಲಗೆ ಎತ್ತಿದರು. ಇಂಜಿನ್ ಎರಡು ಸಲ ತೊದಲಿ ಹೊರಟಿತು. ಸೀಟಿಗೆ ಹಿಡಿಕೆ ಒತ್ತಿದಾಗ ರೈಲಿನ ವೇಗ ಇಳಿಯಲಿಲ್ಲ. ಸೀಟಿಯ ಮೋಟಾರು ಎಳೆದುಕೊಳ್ಳುವ ಕರೆಂಟಿನಿಂದ ರೈಲು ಸೊರಗಬಾರದು ಎಂದು ಆ ಟ್ರಾನ್ಸ್‌ಫಾರ್ಮರುಗಳಲ್ಲಿ ಆ ಕ್ಷಣಕ್ಕೆ ಒಂದಿಷ್ಟು ವೋಲ್ಟ್ ಹೆಚ್ಚು ಸೇರಿಸುವ ಇನ್ನೊಂದು ಸುರುಳಿ ಇಟ್ಟಿದ್ದಾರೆ. ಇದನ್ನು ನಾನು ಉತ್ಸಾಹದಿಂದ ವಿವರಿಸುತ್ತಿದ್ದೆ. ಅಜ್ಜಿ ಕೈ ಎತ್ತಿ ಸುಮ್ಮನಿರು ಅಂದರು. ಆಮೇಲೆ, "ಅವನು ಎರಡು ಸಲ ಉದ್ದಕ್ಕೆ, ಒಂದು ಸಲ ಗಿಡ್ಡಕ್ಕೆ, ಮತ್ತೆ ಒಂದು ಉದ್ದಕ್ಕೆ ಊದುತ್ತಿದ್ದ" ಅಂತ ಹೇಳಿಕೊಟ್ಟರು. ಅಮೆರಿಕದ ರೈಲುಗಳು ಲೆವೆಲ್ ಕ್ರಾಸಿಂಗಿನಲ್ಲಿ ಊದುವ ಕ್ರಮ ಅದೇ. ಮಗುವಿಗೆ ಮೂರನೇ ಸಲಕ್ಕೆ ಸರಿಯಾಗಿ ಬಂತು.